ಜಾಸ್ತಿ ತೋರಿಸಿದ ಕಾಟಾ

ಶಿರಗುಪ್ಪಿಯ ಶಾಂತಿನಾಥನಿಗೆ ಆ ಹೆಸರಿಟ್ಟವರು ಕೂಸಿನ ಮುಖ ನೋಡದೆಯೇ ಇಟ್ಟಿರಬೇಕು. ಐವತ್ತರ ಹತ್ತಿರ ಬಂದರೂ ಅವನು ಶಾಂತವಾಗಿದ್ದುದನ್ನು ಕಂಡವರಿಲ್ಲ. ಪೆಟ್ರೋಲ್ ಪಂಪಿಗೆ ಹೋಗುವಾಗ ಮನೆಯಿಂದ ಅಳತೆಯ ಬಾಟಲಿ ಒಯ್ಯುತ್ತಾನೆ. ಗ್ಯಾಸ್ ಸಿಲಿಂಡರ್ ತಂದವನನ್ನು ಅಂಗಳದಲ್ಲೇ ನಿಲ್ಲಿಸಿ ತೂಗುತ್ತಾನೆ. ಒಮ್ಮೆ ಬೀಗರ ಮನೆಯ ಪಂಗತಿಯಲ್ಲಿ ಬಡಿಸಿದ ತುಪ್ಪವನ್ನು ಅಂಗೈಗೆ ತಿಕ್ಕಿ ಮೂಸಿ ನೋಡಿದ್ದ. ಪಕ್ಕದ ಸಾಲಿನಲ್ಲಿ ಕುಳಿತಿದ್ದ ಹೆಂಡತಿ ಮಂಗಲ ಆ ದಿನ ನಾಚಿಕೆಯಿಂದ ಹೋಳಿಗೆ ಮುಟ್ಟಲಿಲ್ಲ.

ಇಷ್ಟು ಸಂಶಯ ಮನುಷ್ಯನಿಗೆ ಸುಮ್ಮನೆ ಬರುವುದಿಲ್ಲ. ಕಬ್ಬಿನ ಸೀಮೆಯಲ್ಲಿ ಹುಟ್ಟಿದವನು ಎರಡು ಕಾಟಾ ನೋಡಿಯೇ ಬೆಳೆಯುತ್ತಾನೆ. ಕಾಟಾ ಎಂದರೆ ಟ್ರ್ಯಾಕ್ಟರನ್ನು ಟ್ರೇಲರ್ ಸಮೇತ ಹತ್ತಿಸಿ ತೂಗುವ ತೂಕದ ಯಂತ್ರ. ಹೊಲದಿಂದ ಹೊರಟ ಕಬ್ಬನ್ನು ಮೊದಲು ಹೊರಗಿನ ಕಾಟಾದ ಮೇಲೆ ತೂಗಿಸಬೇಕು, ಆಮೇಲೆ ಕಾರ್ಖಾನೆಯ ಕಾಟಾ. ಎರಡರಲ್ಲಿ ಯಾವುದು ಕಡಿಮೆ ತೋರಿಸುತ್ತದೋ ಅದು ಕಳ್ಳ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯ ಕಾಟಾ ಹೀಗೆ ಕಡಿಮೆ ತೋರಿಸಿದಾಗ ಶಾಂತಿನಾಥ ಅದರ ಗೇಟಿಗೆ ಅಡ್ಡ ಮಲಗಿದ. ಪೊಲೀಸರು ಎತ್ತಿ ಹಾಕಿದರೆ ಮತ್ತೆ ಬಂದು ಮಲಗಿದ. ಕಡೆಗೆ ಅಧಿಕಾರಿಗಳು ಬಂದು ಪರೀಕ್ಷೆ ಮಾಡಿದರು. ಅವನ ಮಾತೇ ನಿಜವಾಗಿತ್ತು.

ಅಂದಿನಿಂದ ಕಾಗವಾಡದಿಂದ ರಾಯಬಾಗದವರೆಗೆ ಯಾವ ಕಾಟಾದ ಮೇಲೆ ಅನುಮಾನ ಬಂದರೂ ಬೆಳೆಗಾರರು ಅವನನ್ನು ಕೇಳುತ್ತಾರೆ. ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಅವನ ಧ್ವನಿ ಬಂದಿತೆಂದರೆ ಅದೇ ತೀರ್ಪು. ಸಾವಿರ ಜನರನ್ನು ಕಳ್ಳರೆಂದು ಬೈದಿರಬಹುದು, ಆದರೆ ಒಬ್ಬ ಸಾಚಾ ಮನುಷ್ಯನನ್ನೂ ಹಾಗೆ ಕರೆದಿಲ್ಲ ಎಂಬ ಹಮ್ಮು ಅವನಿಗಿತ್ತು. ಹೊಲ, ಮನೆ, ಎಮ್ಮೆ ಎಲ್ಲಕ್ಕಿಂತ ಆ ಹೆಸರೇ ಅವನಿಗೆ ದೊಡ್ಡದು.

ಅವನ ಒಂದೇ ಒಂದು ಶೋಕಿ ಎಂದರೆ ಮೋಟಾರ್ ಸೈಕಲ್. ಎರಡು ಸಿಲಿಂಡರಿನ, ಆರುನೂರೈವತ್ತು ಸಿಸಿಯ ಭಾರಿ ಗಾಡಿ. ಕೊಂಡು ವರ್ಷವಾದ ಮೇಲೆ ಅದರ ಸದ್ದು ಸಪ್ಪೆ ಅನ್ನಿಸಿ ಸೈಲೆನ್ಸರ್ ಬದಲಿಸಿದ. ಅಲ್ಲಿಂದ ಶುರುವಾಯಿತು ರಗಳೆ. ನಡುವೇಗದಲ್ಲಿ ಗಾಡಿ ಮುಗ್ಗರಿಸುವುದು, ಎಕ್ಸಲರೇಟರ್ ಬಿಟ್ಟರೆ ಪಟಪಟ ಸಿಡಿಯುವುದು. ಹೊಸ ಸೈಲೆನ್ಸರಿಗೆ ತಕ್ಕಂತೆ ಪೆಟ್ರೋಲಿನ ಅಳತೆಯನ್ನು ಗಾಡಿಯ ಕಂಪ್ಯೂಟರಿನಲ್ಲಿ ಹೊಂದಿಸಬೇಕು, ಅದಕ್ಕೆ ಡೈನೋ ಇಟ್ಟು ಟ್ಯೂನ್ ಮಾಡುವವರು ಬೇಕು ಎಂದು ಚಿಕ್ಕೋಡಿಯ ಮೆಕ್ಯಾನಿಕ್ ಹೇಳಿದ. ಡೈನೋ ಎಂದರೆ ನೆಲದೊಳಗೆ ಕೂರಿಸಿದ ದೊಡ್ಡ ಉಕ್ಕಿನ ರೋಲರ್. ಹಿಂದಿನ ಗಾಲಿಯನ್ನು ಅದರ ಮೇಲೆ ನಿಲ್ಲಿಸಿ, ಗಾಡಿಯನ್ನು ಪಟ್ಟಿಗಳಿಂದ ಬಿಗಿದು ಓಡಿಸಿದರೆ ಇಂಜಿನ್ ಎಷ್ಟು ಹಾರ್ಸ್‌ಪವರ್ ಕೊಡುತ್ತದೆಂದು ಪರದೆಯ ಮೇಲೆ ಬರುತ್ತದೆ. ಶಾಂತಿನಾಥನ ಮಟ್ಟಿಗೆ ಅದೂ ಒಂದು ಕಾಟಾ. ಕಾಟಾ ಎಂದ ಮೇಲೆ ಕಳ್ಳತನ ಇದ್ದೇ ಇರುತ್ತದೆ ಎಂದು ಮನೆಯಲ್ಲೇ ಸಿಟ್ಟಾಗಿ ಹೊರಟ.

ಸುತ್ತಮುತ್ತ ಇದ್ದದ್ದು ಎರಡೇ ಡೈನೋ. ನಿಪ್ಪಾಣಿಯ ಹೈವೇ ಪಕ್ಕ ಮನೀಷಾ ಎಂಬ ಹೆಣ್ಣುಮಗಳದೊಂದು, ಅಥಣಿ ರಸ್ತೆಯಲ್ಲಿ ಸಂಗ್ರಾಮ ಎಂಬವನದೊಂದು. ಮನೀಷಾ ಪುಣೆಯಲ್ಲಿ ಕೆಲಸ ಕಲಿತು ಬಂದವಳು. ಮೂವತ್ತರ ಆಸುಪಾಸು, ಮಾತು ಕಡಿಮೆ, ಮುಖದ ಮೇಲೆ ನಗು ಅದಕ್ಕಿಂತ ಕಡಿಮೆ. ಶಾಂತಿನಾಥ ಗಾಡಿ ಇಳಿಯುವ ಮೊದಲೇ ಚೈನು ಸಡಿಲಾಗಿದೆ ಎಂದಳು. ಏರ್ ಫಿಲ್ಟರ್ ಬಿಚ್ಚಿ ಧೂಳು ಕೊಡವಿ ಅವನ ಮುಂದೆ ಹಿಡಿದಳು. ಗಾಡಿ ಬಂದ ಸ್ಥಿತಿಯಲ್ಲೇ ಒಮ್ಮೆ ಓಡಿಸಿ ನೋಡುತ್ತೇನೆ, ಟ್ಯೂನ್ ಆದ ಮೇಲೆ ಇದೇ ಯಂತ್ರದ ಮೇಲೆ ಮತ್ತೆ ಓಡಿಸುತ್ತೇನೆ, ಎರಡು ಗೆರೆಗಳನ್ನೂ ಒಂದೇ ಹಾಳೆಯಲ್ಲಿ ಕೊಡುತ್ತೇನೆ ಎಂದಳು. ಪೆಟ್ರೋಲ್ ಹದವಾಗಿದೆಯೇ ಎಂದು ತಿಳಿಯಲು ಹೊಗೆ ಅಳೆಯುವ ನಳಿಕೆಯನ್ನು ಸೈಲೆನ್ಸರಿನೊಳಗೆ ತೂರಿಸಿ ಗಾಡಿ ಓಡಿಸಿದಳು. ಪರದೆಯ ಮೇಲೆ ಮೂವತ್ತೊಂಬತ್ತು ಬಂತು.

ಕಂಪನಿಯವರು ನಲವತ್ತೇಳು ಹೇಳಿದ್ದರು. ಉಳಿದ ಎಂಟು ಎಲ್ಲಿ ಹೋಯಿತು ಎಂದು ಶಾಂತಿನಾಥ ಕೇಳಿದ. ಅದು ಇಂಜಿನ್ನಿನ ಲೆಕ್ಕ, ಗೇರು, ಚೈನು ದಾಟಿ ಗಾಲಿಗೆ ಬರುವಷ್ಟರಲ್ಲಿ ಇಷ್ಟು ಹೋಗಿಯೇ ಹೋಗುತ್ತದೆ ಎಂದಳು. ಅಂಕಿ ಬಿಡಿ, ನಿಮ್ಮ ಗಾಡಿಗೆ ಪೆಟ್ರೋಲ್ ಸಾಲುತ್ತಿಲ್ಲ, ಅದನ್ನು ಮೊದಲು ನೋಡೋಣ ಎಂದಳು. ಅವನ ಮೈಯೆಲ್ಲ ಉರಿಯಿತು. ರವದಿಯ ಒಣಗರಿ ಹೋಯಿತು, ಮಣ್ಣು ಹೋಯಿತು ಎಂದು ಕಬ್ಬಿನ ತೂಕ ಮುರಿಯುವ ಗುಮಾಸ್ತರ ಮಾತನ್ನು ಅವನು ಜೀವಮಾನವಿಡೀ ಕೇಳಿದ್ದ. ಇವಳು ಗೇರು, ಚೈನು ಅನ್ನುತ್ತಾಳೆ, ಅಷ್ಟೇ ಫರಕು.

"ಅಂಕಿ ಬಿಡ್ರಿ ಅಂದಾಂವ ಯಾವನೂ ನನ್ನ ಮುಂದ ಸಾಚಾ ನಿಂತಿಲ್ಲವ್ವಾ," ಎಂದು ಪಟ್ಟಿಗಳನ್ನು ತಾನೇ ಬಿಚ್ಚತೊಡಗಿದ.

ಮನೀಷಾ ಅವನ ಕೈ ತಡೆಯಲಿಲ್ಲ. "ಹೋಗ್ರಿ ಕಾಕಾ. ಅಂಕಿ ಬೇಕಂದ್ರ ಕೊಡಾವ್ರು ಅದಾರ," ಎಂದಳು.

ಆ ಮಾತು ಅವನಿಗೆ ಕಾಲಿನ ಮುಳ್ಳಾಯಿತು. ಮರುದಿನವೇ ರೂಢಿಯಂತೆ ಎರಡನೆಯ ಕಾಟಾಕ್ಕೆ, ಅಥಣಿ ರಸ್ತೆಯ ಸಂಗ್ರಾಮನ ಬಳಿ ಹೋದ. ಸಂಗ್ರಾಮ ಕುರ್ಚಿ ಕೊಟ್ಟ, ಚಹಾ ಕೊಟ್ಟ, ಗಾಡಿಯನ್ನು ಹೊಗಳಿದ, ಗಾಡಿಗಿಂತ ಹೆಚ್ಚು ಶಾಂತಿನಾಥನನ್ನು ಹೊಗಳಿದ. ಗೇಟಿಗೆ ಅಡ್ಡ ಮಲಗಿದ ಕಥೆಯನ್ನು ಅವನಿಂದಲೇ ಇನ್ನೊಮ್ಮೆ ಹೇಳಿಸಿದ. ಹೊಗೆ ಅಳೆಯುವ ನಳಿಕೆ ಗೋಡೆಯ ಮೊಳೆಗೆ ನೇತು ಬಿದ್ದಿತ್ತು, ಅದನ್ನು ಮುಟ್ಟಲೂ ಇಲ್ಲ. ತುಪ್ಪ ಮೂಸಿ ನೋಡುವ ಶಾಂತಿನಾಥ ಆ ಕಡೆ ನೋಡಲಿಲ್ಲ, ಅವನ ಕಣ್ಣೆಲ್ಲ ಪರದೆಯ ಮೇಲೆ. ನಲವತ್ತಾರು ಬಂತು.

ಒಂದೇ ಗಾಡಿ, ಎರಡು ಕಾಟಾ. ಒಂದು ಮೂವತ್ತೊಂಬತ್ತು, ಒಂದು ನಲವತ್ತಾರು. ಕಳ್ಳ ಯಾರೆಂದು ಕಬ್ಬಿನ ಸೀಮೆಯ ಕೂಸಿಗೂ ಗೊತ್ತು. ಶಾಂತಿನಾಥ ಕುರ್ಚಿಯಿಂದ ಏಳದೆಯೇ ವಾಟ್ಸಾಪ್ ಗುಂಪಿಗೆ ಮಾತನಾಡಿದ: "ಎಲ್ಲಾರೂ ಕೇಳ್ರಿ. ನಿಪ್ಪಾಣಿ ಹೈವೇದಾಗ ಆ ಹೆಣ್ಮಗಳು ಇಟ್ಟ ಡೈನೋ ಕಳ್ಳ ಕಾಟಾ ಐತಿ. ನಾ ಎರಡೂ ಕಡೆ ತೂಗಿ ನೋಡೀನಿ. ನಿಮ್ಮ ಹುಡುಗರನ್ನ ಅಲ್ಲಿ ಕಳಸಬ್ಯಾಡ್ರಿ."

ಅಷ್ಟೇ ಸಾಕಾಯಿತು. ಬೆಳೆಗಾರರ ಮಕ್ಕಳೇ ಈ ಕಡೆ ದೊಡ್ಡ ಗಾಡಿ ಓಡಿಸುವವರು. ಆ ಧ್ವನಿ ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರಿ ಸದಲಗಾ ದಾಟಿ ಕೊಲ್ಹಾಪುರದ ಸವಾರರವರೆಗೂ ಹೋಯಿತು. ಸಂಗ್ರಾಮ ಟ್ಯೂನ್ ಮಾಡಿದ ಮೇಲೆ ಅಂಕಿ ಐವತ್ತೊಂದಕ್ಕೆ ಏರಿತು. ಶಾಂತಿನಾಥ ಬಣ್ಣದ ಹಾಳೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಊರೆಲ್ಲ ತೋರಿಸಿದ. ಗಾಡಿಯೂ ಮೊದಲಿಗಿಂತ ಚುರುಕಾದಂತೆ ಕಂಡಿತು. ಇಂಜಿನ್ ಮೊದಲಿಗಿಂತ ಜಾಸ್ತಿ ಕಾಯುತ್ತಿದೆ, ಕಾಲಿಗೆ ಝಳ ಹೊಡೆಯುತ್ತದೆ ಎಂದು ಮಂಗಲ ಒಮ್ಮೆ ಹೇಳಿದಳು. ಬಿಸಿಲು ಜಾಸ್ತಿ ಎಂದು ಅವಳ ಬಾಯಿ ಮುಚ್ಚಿಸಿದ.

ಏಪ್ರಿಲ್ ತಿಂಗಳ ಅಮಾವಾಸ್ಯೆಗೆ ಗಂಡ ಹೆಂಡತಿ ತವನಿಧಿ ಕ್ಷೇತ್ರದ ದರ್ಶನಕ್ಕೆ ಹೊರಟರು. ನಿಪ್ಪಾಣಿ ದಾಟಿ ಘಾಟು ಏರುವಾಗ ಶಾಂತಿನಾಥ ಐವತ್ತೊಂದು ಹಾರ್ಸ್‌ಪವರನ್ನೂ ಒಮ್ಮೆಲೇ ಕೇಳಿದ. ಇಂಜಿನ್ನಿನೊಳಗೆ ಏನೋ ಕಟಕಟ ಸದ್ದಾಯಿತು, ನೀಲಿ ಹೊಗೆ ಎದ್ದಿತು, ಹಿಂದಿನ ಗಾಲಿ ಹಿಡಿದುಕೊಂಡಿತು. ಗಾಡಿ ಅಡ್ಡಾದಿಡ್ಡಿ ಜಾರಿ ರಸ್ತೆಯ ಅಂಚಿನ ಮಣ್ಣಿನಲ್ಲಿ ನಿಂತಿತು. ಹಿಂದೆ ಬರುತ್ತಿದ್ದ ಲಾರಿ ಕಿರುಚುತ್ತ ಪಕ್ಕಕ್ಕೆ ಸರಿದು ಹೋಯಿತು. ಮಂಗಲ ಕೆಳಗಿಳಿದು, ಸೀರೆ ಸರಿಮಾಡಿಕೊಂಡು, ಗಂಡನಿಗೆ ಬೆನ್ನು ಹಾಕಿ ನಿಂತಳು.

ಶಾಂತಿನಾಥ ಸಂಗ್ರಾಮನಿಗೆ ಫೋನ್ ಹಚ್ಚಿದ. ಸಂಗ್ರಾಮ ಪೆಟ್ರೋಲನ್ನು ದೂರಿದ, ಘಾಟನ್ನು ದೂರಿದ, ಗಾಡಿ ಓಡಿಸಲು ಬಾರದವರನ್ನು ದೂರಿ ಫೋನ್ ಇಟ್ಟ. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಗಾಡಿಯನ್ನು ಪಿಕಪ್ಪಿಗೆ ಹೇರಿಸಿ ಊರಿಗೆ ಒಯ್ಯೋಣ ಎಂದು ಅವನು ಅಂದಾಗ ಮಂಗಲ ತಿರುಗಿ ನಿಂತು ಬಾಯಿ ಬಿಟ್ಟಳು.

"ಊರಿಗಿ ಅಲ್ಲ. ಆ ನಿಪ್ಪಾಣಿ ಹೆಣ್ಮಗಳ ಕಡೆ ಒಯ್ಯೂದು. ನಿಮಗ ನಾಚಿಕಿ ಆದ್ರ ಪಿಕಪ್ಪಿನಾಗ ಕುಂದ್ರಿ, ನಾ ಇಳಿದು ಕೇಳ್ತೀನಿ."

ಮನೀಷಾಳ ಅಂಗಡಿ ಅರ್ಧ ಖಾಲಿಯಾಗಿತ್ತು. ಗಿರಾಕಿಗಳು ಬರುವುದು ನಿಂತು, ಅಂಗಡಿ ಮುಚ್ಚಲೆಂದು ಉಪಕರಣಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಶಾಂತಿನಾಥನನ್ನು ಕಂಡು ಎದ್ದು ನಿಂತಳೇ ಹೊರತು ಬನ್ನಿ ಅನ್ನಲಿಲ್ಲ. ಕಳ್ಳರ ಅಂಗಡಿಗೆ ಯಾಕೆ ಬಂದಿರಿ ಎಂದು ಕೇಳಿದಳು. ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಂಗಲಳ ಮುಖ ನೋಡಿ ಮನೀಷಾ ಕೆಲಸಕ್ಕೆ ಕೂತಳು. ಇಂಜಿನ್ ಬಿಚ್ಚಿ ಪಿಸ್ಟನ್ ತೆಗೆದು ಅವನ ಅಂಗೈಯಲ್ಲಿಟ್ಟಳು. ಅದರ ತಲೆಯಲ್ಲಿ ಕಡಲೆಕಾಳಿನಷ್ಟು ತೂತು, ಸುತ್ತ ಲೋಹ ಕರಗಿ ಹರಿದ ಗುರುತು. ಅಂಕಿ ಏರಿಸಲೆಂದು ಪೆಟ್ರೋಲನ್ನು ಇನ್ನೂ ಕಡಿಮೆ ಮಾಡಿದ್ದಾರೆ, ಅದಕ್ಕೇ ಇಂಜಿನ್ ಕಾದು ಪಿಸ್ಟನ್ ಸುಟ್ಟಿದೆ ಎಂದಳು. ಹಾಗಾದರೆ ಟ್ಯೂನ್ ಆಗುವ ಮೊದಲೇ ನಲವತ್ತಾರು ಹೇಗೆ ಬಂತು ಎಂದು ಅವನು ಕೇಳಿದ. ಡೈನೋಗೆ ಊರಿನ ಎತ್ತರ, ಸೆಕೆ ಎಲ್ಲವನ್ನೂ ಕೈಯಿಂದಲೇ ತುಂಬಬೇಕು, ಅಥಣಿಯಲ್ಲಿ ಕೂತು ಮಹಾಬಳೇಶ್ವರದ ಎತ್ತರದಲ್ಲಿದ್ದೇನೆಂದು ಸುಳ್ಳು ತುಂಬಿದರೆ ಅಲ್ಲಿನ ತೆಳು ಗಾಳಿಗೆ ಸರಿದೂಗಿಸಲೆಂದು ಅದು ತಾನಾಗಿಯೇ ಜಾಸ್ತಿ ತೋರಿಸುತ್ತದೆ ಎಂದಳು.

"ಕಬ್ಬಿನ ಕಾಟಾದಾಗ ತೂಕ ಕಾರ್ಖಾನಿಯವರು ಕೊಳ್ಳಾವ್ರು ಕಾಕಾ, ಅದಕ್ಕ ಕಳ್ಳ ಕಡಿಮಿ ತೋರಸ್ತಾನ. ಇಲ್ಲಿ ಅಂಕಿ ನಾವು ಮಾರಾವ್ರು. ಇಲ್ಲಿ ಕಳ್ಳ ಜಾಸ್ತಿ ತೋರಸ್ತಾನ. ಇಷ್ಟ ವರ್ಷ ಕಾಟಾ ನೋಡಿದವರಿಗೆ ಇದು ಹೊಳೀಲಿಲ್ಲೇನು?"

ಆ ಪಿಸ್ಟನ್ನಿಗಿಂತ ಶಾಂತಿನಾಥನ ಎದೆಯೇ ಹೆಚ್ಚು ಸುಟ್ಟಿತ್ತು. ಸಾಚಾ ಹೆಣ್ಣುಮಗಳನ್ನು ಕಳ್ಳಿ ಎಂದಿದ್ದೇನೆ, ಅದೂ ನಿಜವಾದ ಕಳ್ಳನ ಕುರ್ಚಿಯಲ್ಲಿ ಕೂತು, ಅವನ ಚಹಾ ಕುಡಿಯುತ್ತ. ಏನು ಮಾಡಲಿ ಎಂದು ಕೇಳಿದ. ಅದೇ ಗುಂಪಿನಲ್ಲಿ, ಅದೇ ಬಾಯಿಂದ, ಸುಳ್ಳು ಹೇಳಿದೆ ಎಂದು ಹೇಳಿ ಎಂದಳು. ಅವನು ಅಲ್ಲೇ ನಿಂತು ಹೇಳಿದ. ಸೋತ ಧ್ವನಿಯಲ್ಲಿ, ಒಂದೂ ಮುಚ್ಚಿಡದೆ, ತಪ್ಪು ತನ್ನದು, ಈಕೆಯ ಡೈನೋ ಸಾಚಾ, ಕಳ್ಳ ಅಥಣಿ ರಸ್ತೆಯವನು ಎಂದ. ಇನ್ನೇನು, ಎಲ್ಲ ಸರಿಹೋದೀತು ಎಂದುಕೊಂಡು ಬೆವರು ಒರೆಸಿಕೊಂಡ.

ಮೊದಲ ಉತ್ತರ ಧನಪಾಲನದು. ಗೇಟಿಗೆ ಅಡ್ಡ ಮಲಗಿದ ದಿನ ಶಾಂತಿನಾಥನ ಮಗ್ಗುಲಲ್ಲೇ ಮಲಗಿದ್ದವನು, ಅವನನ್ನು ದೇವರಂತೆ ನಂಬಿದವನು. ಕಾರ್ಖಾನೆಯ ವಿರುದ್ಧ ಕೂಗಾಡಿದ ಮುಂದಾಳು ಒಂದು ದಿನ ಇದ್ದಕ್ಕಿದ್ದಂತೆ ಮೆತ್ತಗಾದರೆ ಈ ಕಡೆಯವರು ಅವನು ದುಡ್ಡು ತಿಂದು ಒಳಗಿಂದೊಳಗೆ ಮ್ಯಾನೇಜ್ ಆದ ಎನ್ನುತ್ತಾರೆ. ಧನಪಾಲ ಬರೆದದ್ದು ಇಷ್ಟೇ: "ಅಣ್ಣಾರ, ನೀವೂ ಮ್ಯಾನೇಜ್ ಆದ್ರಿ?"

ಅದರ ಹಿಂದೆಯೇ ನಗುವ ಮುಖಗಳು, ಕೈ ಮುಗಿಯುವ ಚಿತ್ರಗಳು ಒಂದರ ಮೇಲೊಂದು ಬಂದು ಬಿದ್ದವು. ಶಾಂತಿನಾಥ ಧನಪಾಲನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದ. ಧನಪಾಲ ಎಲ್ಲ ಕೇಳಿಸಿಕೊಂಡು ತಣ್ಣಗೆ ಉತ್ತರ ಕೊಟ್ಟ.

"ಮೊದಲ ಕಳ್ಳಿ ಅಂದ್ರಿ. ಇವತ್ತ ಅಕಿ ಅಂಗಡ್ಯಾಗ ನಿಂತು ಸಾಚಾ ಅಂತೀರಿ. ನನ್ನ ಜಾಗಾದಾಗ ನೀವಿದ್ರ ಏನ್ ತಿಳಕೋತಿದ್ರಿ, ನೀವ ಹೇಳ್ರಿ."

ಧನಪಾಲನ ಜಾಗದಲ್ಲಿ ತಾನಿದ್ದರೂ ಅದನ್ನೇ ತಿಳಿಯುತ್ತಿದ್ದ ಎಂಬುದು ಶಾಂತಿನಾಥನಿಗೆ ಚೆನ್ನಾಗಿ ಗೊತ್ತಿತ್ತು. ಫೋನ್ ಕೆಳಗಿಟ್ಟು ಮನೀಷಾಳಿಗೆ, ಇರಲಿ, ಜನ ನಿಧಾನಕ್ಕೆ ತಿಳಿದುಕೊಳ್ಳುತ್ತಾರೆ, ನೀನು ಗಾಡಿ ರಿಪೇರಿ ಮಾಡಿ ಇಲ್ಲೇ ಟ್ಯೂನ್ ಮಾಡವ್ವಾ, ಇನ್ನು ಮೇಲೆ ಬೇರೆಯವರ ಕೈಗೆ ಕೊಡುವುದಿಲ್ಲ ಎಂದ.

ಮನೀಷಾ ಅವನ ಅಂಗೈಯಿಂದ ಪಿಸ್ಟನ್ ತೆಗೆದು, ಬಿಚ್ಚಿದ ಉಳಿದ ಭಾಗಗಳ ಜೊತೆ ಒಂದು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಮಂಗಲಳ ಕೈಗೆ ಕೊಟ್ಟಳು.

"ಒಯ್ರಿ ಕಾಕಾ. ನಾ ಇದನ್ನ ರಿಪೇರಿ ಮಾಡಿದ್ರ, ಅದಕ್ಕ ನಿಮ್ಮ ಮಂದಿ ಲಂಚ ಅಂತಾರ."

ಮಂಗಲ ಚೀಲ ಹಿಡಿದು ಬೇರೆ ಪಿಕಪ್ ನೋಡಲು ಆಗಲೇ ರಸ್ತೆಗೆ ಇಳಿದಿದ್ದಳು. ಶಾಂತಿನಾಥ ಬಿಚ್ಚಿದ ಗಾಡಿಯನ್ನು ತಾನೊಬ್ಬನೇ ತಳ್ಳಿಕೊಂಡು ಅವಳ ಹಿಂದೆ ಹೊರಟ.