ಎಷ್ಟು ಅಡಿಗೆ ಬಂಡೆ

ಭಾನುವಾರ ಬಂತು ಅಂದ್ರೆ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನವರನ್ನ ಕಾರಲ್ಲಿ ಕೂರಿಸ್ಕೊಂಡು ಹೋಗಿ ಮಾಲೂರಿನ ಆಚೆ ಸೈಟು ತೋರಿಸೋದು ನನ್ನ ಕೆಲಸ. ಮೆಟ್ರೋ ಬರುತ್ತಾ, ರೇಟು ಏರುತ್ತಾ, ಎಲ್ಲರೂ ಕೇಳೋದು ಇಷ್ಟೇ. ಉತ್ತರ ನನಗೆ ಬಾಯಿಪಾಠ.

ಅವತ್ತು ಒಬ್ಬರೇ ಬಂದಿದ್ದರು, ಗದಗ ಕಡೆಯ ರಿಟೈರ್ಡ್ ಇಂಜಿನಿಯರು. ಹಣೆ ತುಂಬ ವಿಭೂತಿ. ಸೈಟಲ್ಲಿ ಇಳಿದವರೇ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಮಣ್ಣು ಎತ್ತಿಕೊಂಡು ಕೇಳಿದರು: "ಎಷ್ಟು ಅಡಿಗೆ ಬಂಡೆ ಸಿಗತೈತ್ರಿ?"

ಪಾಯದ ಚಿಂತೆ ಅಂದ್ಕೊಂಡು ಜೋರಾಗೇ ಹೇಳಿದೆ: "ಮೂರೇ ಅಡಿ ಸಾರ್! ಮೂರು ಮಹಡಿ ಎತ್ತಿ, ಅಲ್ಲಾಡಲ್ಲ."

ಅವರ ಮುಖ ಸಪ್ಪಗಾಯ್ತು. "ಹಂಗಾದ್ರ ನನಗ ಸಾಲಂಗಿಲ್ರಿ," ಅಂದರು. "ನಮ್ಮಲ್ಲಿ ಸತ್ತವರನ್ನ ಸುಡಂಗಿಲ್ಲ. ಸ್ವಂತ ಹೊಲದಾಗ ಕುಂದ್ರಿಸಿ ಮಣ್ಣು ಕೊಡತಾರ. ನಾ ಹೊಲ ಮಾರಿ ಹನ್ನೊಂದನೇ ಫ್ಲೋರಿನ್ಯಾಗ ಫ್ಲ್ಯಾಟ್ ತಗೊಂಡೆ. ಅಲ್ಲೆ ಎಲ್ಲಿ ಅಗೀತೀರಿ?"

ಲೇಔಟಲ್ಲಿ ಅದಕ್ಕೆ ಬಿಡಲ್ಲ ಅಂತ ಹೇಳಲೇಬೇಕಾಯ್ತು. ಅವರು ಹಿಡಿಯಲ್ಲಿದ್ದ ಮಣ್ಣನ್ನ ತೆಗೆದ ಜಾಗದಲ್ಲೇ ಮೆಲ್ಲಗೆ ಸುರಿದು, ಅಂಗೈಯಿಂದ ಸಮ ಮಾಡಿ ಎದ್ದರು.

ವಾಪಸ್ ಬರುವಾಗ ಕಾಡುಗೋಡಿ ಹತ್ತಿರ ಕೇಳಿದರು: "ಇಷ್ಟು ಮಂದಿಗೆ ಮಾರೀರಿ. ನಿಮ್ಮ ಸೈಟು ಎಲ್ಲೈತ್ರಿ?"

"ನಂದಾ? ಪಟ್ಟಂದೂರು ಅಗ್ರಹಾರದಲ್ಲಿ ಬಾಡಿಗೆ ರೂಮು ಸಾರ್. ಗೋಡೆಗೆ ಒಂದು ಮೊಳೆ ಹೊಡೆಯೋಕೂ ಓನರ್ ಬಿಡಲ್ಲ."

ಅವತ್ತು ಅವರು ನಕ್ಕಿದ್ದು ಅದೊಂದೇ ಸಲ. ನಾನೇನೂ ತಮಾಷೆಗೆ ಹೇಳಿರಲಿಲ್ಲ.