ಅಗ್ಗದ ಲೈಸೆನ್ಸಿನ ಮೂರನೇ ಸರ್ವರ್

"ಐದು ನಿಮಿಷ ತಡೀರಿ ಸಿಸ್ಟರ್, ತಾನ ಎದ್ದು ಬರ್ತದ." ಆ ಮಾತು ಆಡಿದ್ದು ನಾನೇ. ಅಷ್ಟು ಧೈರ್ಯ ಎಲ್ಲಿಂದ ಬಂದಿತ್ತೋ.

ನಾನು ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯ ಸರ್ವರ್ ಕೋಣೆ ನೋಡಿಕೊಳ್ಳುವವನು. ದೇವದುರ್ಗದಲ್ಲೂ ಮಾನ್ವಿಯಲ್ಲೂ ನಮ್ಮ ಶಾಖೆಗಳಿವೆ. ಯಾವ ಗುಂಪಿನ ರಕ್ತ ಯಾವ ಊರಿನ ಫ್ರಿಜ್ಜಿನಲ್ಲಿದೆ ಎಂಬ ಪಟ್ಟಿ ನನ್ನ ಕೋಣೆಯಲ್ಲೇ ಓಡುತ್ತದೆ. ಮೊದಲು ಎರಡು ಸರ್ವರ್ ಇದ್ದವು. ಒಂದು ಕೆಟ್ಟರೆ ಅದರ ಕೆಲಸವನ್ನು ಇನ್ನೊಂದು ಯಾರ ಅಪ್ಪಣೆಗೂ ಕಾಯದೆ ಎತ್ತಿಕೊಳ್ಳುತ್ತಿತ್ತು. ಅದಕ್ಕೆ ಬೇಕಾದ ತಂತ್ರಾಂಶದ ದೊಡ್ಡ, ದುಬಾರಿ ಲೈಸೆನ್ಸ್ ಎರಡಕ್ಕೂ ಇತ್ತು.

ಎಕ್ಸ್‌ರೇ, ಸ್ಕ್ಯಾನಿಂಗ್ ಚಿತ್ರಗಳ ಹೊರೆ ಹೆಚ್ಚಿದಾಗ ಮೂರನೆಯ ಸರ್ವರ್ ತರಿಸಿದೆವು. ಇದಕ್ಕೆ ಚಿಕ್ಕ ಲೈಸೆನ್ಸ್ ಸಾಕು ಎಂದು ಬರೆದುಕೊಟ್ಟವನೂ ನಾನೇ. ಖರ್ಚು ಉಳಿಸು ಎಂದು ಮ್ಯಾನೇಜರ್ ಕೇಳಿರಲಿಲ್ಲ. ಖರ್ಚು ಉಳಿಸಿದ ಜಾಣ ಎನ್ನಿಸಿಕೊಳ್ಳುವ ಚಟ ನನಗೆ. ಒಂದೇ ಸಾಲಿನಲ್ಲಿ ಎರಡು ಸರ್ವರಿಗೆ ದೊಡ್ಡದು, ಒಂದಕ್ಕೆ ಚಿಕ್ಕದು ಇದ್ದರೆ ಏನು ಮುಳುಗಿತು ಅಂದುಕೊಂಡೆ.

ನಮ್ಮಲ್ಲಿ ಯಂತ್ರ ಬಂದರೆ ಮೊದಲು ಪೂಜೆ, ಆಮೇಲೆ ಕಾಗದ ಪತ್ರ. ಲೈಸೆನ್ಸಿನ ಕೀಲಿ, ಎಂದರೆ ಟೈಪಿಸಿ ಹಾಕುವ ಸಂಕೇತ, ಇನ್ನೂ ಬಂದಿರಲಿಲ್ಲ, ತಂತ್ರಾಂಶ ಪ್ರಾಯೋಗಿಕ ಅವಧಿಯಲ್ಲಿತ್ತು. ಆ ಅವಧಿಯಲ್ಲಿ ಅದು ಹೊಸ ಅಳಿಯನಿಗೆ ಬಡಿಸಿದ ಹಾಗೆ ಇದ್ದಬದ್ದ ಸೌಲಭ್ಯವನ್ನೆಲ್ಲ ಕೊಡುತ್ತದೆ. ಕುಂಕುಮ ಹಚ್ಚಿ, ಕಾಯಿ ಒಡೆದು, ಎಲ್ಲರೆದುರು ಮ್ಯಾನೇಜರ ಕೈಯಿಂದಲೇ ಮೊದಲ ಸರ್ವರಿನ ವೈರು ಕೀಳಿಸಿದೆ. ಅದರ ಕೆಲಸವೆಲ್ಲ ಮೂರನೆಯದರ ಮೇಲೆ ತಾನಾಗಿ ಎದ್ದಿತು. ಚಪ್ಪಾಳೆ ಬಿತ್ತು, ಪೇಡೆ ಹಂಚಿದರು.

ಹದಿನೈದು ದಿನದ ನಂತರ ಚಿಕ್ಕ ಲೈಸೆನ್ಸಿನ ಕೀಲಿ ಬಂತು. ಹಾಕುವಾಗ ಪರದೆಯ ಮೇಲೆ ಎಚ್ಚರಿಕೆಯೊಂದು ಮೂಡಿತು. ಕೆಲವು ಸೌಲಭ್ಯ ನಿಲ್ಲುತ್ತವೆ, ಮುಂದುವರಿಯಲೇ ಎಂದು ಕೇಳುತ್ತಿತ್ತಂತೆ. ನಾನು ಓದದೇ ಒತ್ತಿದೆ. ಮತ್ತೊಮ್ಮೆ ವೈರು ಕಿತ್ತು ನೋಡಿದ್ದರೆ ಅವತ್ತೇ ತಿಳಿಯುತ್ತಿತ್ತು. ಆದರೆ ಪೂಜೆಯಾದ ಯಂತ್ರದ ವೈರು ಕೀಳುವುದು ನಮ್ಮಲ್ಲಿ ಅಪಶಕುನ. ನಾನು ಅದನ್ನು ನಂಬಿದೆನೋ, ಸೋಮಾರಿತನಕ್ಕೆ ನೆಪ ಮಾಡಿಕೊಂಡೆನೋ, ಹೇಳಲಾರೆ. ಚಿತ್ರಗಳ ಹೊರೆಯನ್ನೆಲ್ಲ ಎರಡನೆಯದರ ಮೇಲೆ ಕುತ್ತಿಗೆಮಟ್ಟ ಹೇರಿ, ಆಪತ್ತಿಗೆ ಇರಲಿ ಎಂದು ಮೂರನೆಯದನ್ನು ಖಾಲಿ ಬಿಟ್ಟೆ.

ಬೇಸಿಗೆಯ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ರಕ್ತದ ಪಟ್ಟಿ ಓಡುತ್ತಿದ್ದ ಮೊದಲ ಸರ್ವರ್ ಸತ್ತಿತು. ಹಿಂದೆಯೇ ಮಾನ್ವಿ ಶಾಖೆಯ ನರ್ಸ್ ಫೋನ್ ಮಾಡಿದಳು. "ಸರ್, ರಕ್ತದ ಲಿಸ್ಟ್ ತೆರೀವಲ್ದು. ಪೋತ್ನಾಳದ ಬಾಣಂತಿ ಅದಾಳ, ಭಾಳ ರಕ್ತ ಹೋಗಾಕತ್ತದ. ಓ ನೆಗೆಟಿವ್ ಎಲ್ಲಿ ಅದ ನೋಡಬೇಕ್ರಿ."

ಆಗ ಹೇಳಿದ್ದು ಆ ಐದು ನಿಮಿಷದ ಮಾತು. ಆಕೆ ನಂಬಿದಳು. ನಂಬದೇ ಏನು ಮಾಡಿಯಾಳು? ಊರೂರಿಗೆ ಫೋನ್ ಮಾಡಿ ಕೇಳುವ ರೂಢಿ ಬಿಡಿ, ಪಟ್ಟಿ ನೋಡಿ ಎಂದು ಶಾಖೆಗಳಿಗೆ ಹೋಗಿ ಪಾಠ ಹೇಳಿ ಬಂದವನು ನಾನು. ಹತ್ತು ನಿಮಿಷಕ್ಕೆ ಮತ್ತೆ ಫೋನ್ ಮಾಡಿದಳು. "ಬಂತರಿ, ಇನ್ನೇನ್ ಬಂತು" ಅಂದೆ.

ಇಪ್ಪತ್ತು ನಿಮಿಷವಾದ ಮೇಲೆ ಮೂರನೆಯ ಸರ್ವರಿನ ವಿವರ ತೆರೆದು ನೋಡಿದೆ. ಇನ್ನೊಂದರ ಕೆಲಸ ತಾನಾಗಿ ಎತ್ತಿಕೊಳ್ಳುವ ಸೌಲಭ್ಯದ ಮುಂದೆ, ಈ ಲೈಸೆನ್ಸಿನಲ್ಲಿ ಇಲ್ಲ ಎಂದು ಬರೆದಿತ್ತು. ಎರಡು ಸಲ ಓದಿದೆ, ಮೂರನೇ ಸಲ ಬೆರಳಿಟ್ಟು ಓದಿದೆ. ಎರಡನೆಯದರಲ್ಲಿ ಜಾಗವಿಲ್ಲ, ಮೂರನೆಯದಕ್ಕೆ ಹಕ್ಕಿಲ್ಲ. ಪಟ್ಟಿ ತಾನಾಗಿ ಏಳುವ ಮಾತೇ ಇರಲಿಲ್ಲ. ನಾನು ಅಲ್ಲಿಯವರೆಗೂ ಸುಮ್ಮನೆ ಪರದೆ ನೋಡುತ್ತ ಕೂತಿದ್ದೆ.

ಮಾನ್ವಿಗೆ ಫೋನ್ ಹಚ್ಚಿದೆ. "ಕಾಯಬ್ಯಾಡ್ರಿ. ಅದು ಬರಂಗಿಲ್ಲ. ದೇವದುರ್ಗಕ್ಕ ಫೋನ್ ಮಾಡ್ರಿ."

"ಮೊದಲೇ ಹೇಳಬೇಕಿತ್ತಲ್ರಿ" ಎಂದು ಆಕೆ ಫೋನ್ ಇಟ್ಟಳು.

ದೇವದುರ್ಗದಲ್ಲಿ ರಕ್ತದ ಫ್ರಿಜ್ ಕಾಯುವ ಹಿರಿಯರೊಬ್ಬರಿದ್ದಾರೆ. ಅವರು ಬಾಗಿಲು ತೆಗೆದು ಕೈಯಾಡಿಸಿ ನೋಡಿದರು. ಬೇಕಾದ ಎರಡು ಚೀಲ ಅಲ್ಲೇ ಇದ್ದವು. ಐಸಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ತಾವೇ ಜೀಪು ಹತ್ತಿದರು. ನಾನು ಪಟ್ಟಿಯನ್ನು ಮೂರನೆಯ ಸರ್ವರಿನ ಮೇಲೆ ಕೈಯಿಂದ ಏಳಿಸುವ ಹೊತ್ತಿಗೆ ಅವರು ಅರ್ಧ ದಾರಿ ದಾಟಿದ್ದರು. ಅವತ್ತು ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ.

ಬಾಣಂತಿ ಉಳಿದಳು. ಆ ಇಪ್ಪತ್ತು ನಿಮಿಷ ಅವಳಿಂದ ಏನು ಕಿತ್ತುಕೊಂಡಿತು ಎಂದು ಮಾನ್ವಿಯ ಡಾಕ್ಟರನ್ನು ಫೋನಿನಲ್ಲಿ ಕೇಳಿದೆ. ಅವರು, ಬೇರೆ ರೋಗಿ ಕಾಯುತ್ತಿದ್ದಾರೆ ಎಂದು ಫೋನ್ ಇಟ್ಟರು.

ಮೂರನೆಯ ದಿನ ಅವಳ ಗಂಡ ರಾಯಚೂರಿಗೆ ಬಂದ. ಪಡೆದ ರಕ್ತಕ್ಕೆ ಬದಲು ತನ್ನ ರಕ್ತ ಕೊಟ್ಟು, ತೋಳಿಗೆ ಹತ್ತಿ ಒತ್ತಿಕೊಂಡೇ ನನ್ನ ಕೋಣೆಗೆ ಬಂದು ಕೈ ಮುಗಿದ. "ನಿಮ್ಮ ಮಷೀನ್ದಾಗ ಹುಡುಕಿ ಕಳಿಸೀರಂತಲ್ರಿ. ಆಕಿ ಉಳದಾಳ."

ನಾಚಿಕೆಯಿಂದ ಕುಗ್ಗಿಹೋದೆ. ಸುಮ್ಮನಿದ್ದು ಕೈ ಮುಗಿಸಿಕೊಳ್ಳಬಹುದಿತ್ತು, ಆಗಲಿಲ್ಲ. "ಮಷೀನ್ ಕೆಟ್ಟಿತ್ತಪ್ಪ. ಬರ್ತದ, ಕಾಯ್ರಿ ಅಂತ ನಾನೇ ಹೇಳಿ ಇಪ್ಪತ್ತು ನಿಮಿಷ ಕೆಡಿಸೀನಿ" ಅಂದೆ. ಲೈಸೆನ್ಸಿನ ಕಥೆಯನ್ನೂ ಹೇಳಿದೆ. ಅವನು ಕಪಾಳಕ್ಕೆ ಹೊಡೆದಿದ್ದರೆ ಹಗುರಾಗುತ್ತಿದ್ದೆ. ಅವನು ಸಾಲಾಗಿ ನಿಂತ ಮೂರು ಪೆಟ್ಟಿಗೆಗಳನ್ನೂ ನೋಡಿದ.

"ಈಗ ಸರಿ ಮಾಡೀರೇನ್ರಿ?"

ಮೊದಲ ಸರ್ವರಿನ ಬಿಡಿಭಾಗ ಹೈದರಾಬಾದಿನಿಂದ ಬರಬೇಕಿತ್ತು. ದೊಡ್ಡ ಲೈಸೆನ್ಸಿನ ಅರ್ಜಿ ಮ್ಯಾನೇಜರ ಮೇಜಿನ ಮೇಲಿತ್ತು. ಎಲ್ಲ ಅವತ್ತಿನ ಹಾಗೇ ಇತ್ತು, ಮೂರನೆಯದೂ ಕೆಟ್ಟರೆ ಪಟ್ಟಿ ಎತ್ತಿಕೊಳ್ಳಲು ಇನ್ನೊಂದಿರಲಿಲ್ಲ. ಅವನು ಕೇಳುವವರೆಗೆ ಅದು ನನಗೆ ಹೊಳೆದೇ ಇರಲಿಲ್ಲ. ಮೂರು ದಿನ ನಾನು ನನ್ನ ಪಶ್ಚಾತ್ತಾಪದಲ್ಲೇ ಮುಳುಗಿದ್ದೆ.

"ಇನ್ನೂ ಇಲ್ಲ" ಅಂದೆ.

"ಆಕಿ ಇನ್ನೂ ನಾಕು ದಿನ ಮಾನ್ವಿ ದವಾಖಾನ್ಯಾಗ ಇರ್ತಾಳ್ರಿ" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಮೂಲೆಯ ಸ್ಟೂಲು ಎಳೆದುಕೊಂಡು ನನ್ನೆದುರೇ ಕೂತ. "ಸರಿ ಆಗೂತನಾ ನಾನು ಇಲ್ಲೇ ಕುಂದರ್ತೀನ್ರಿ."