ಅರವತ್ತರವರೆಗಿನ ಎಣಿಕೆ

ಟೇಪು ವೇಗವಾಗಿ ಮುಂದಕ್ಕೆ ಓಡುವಾಗ ಬರುತ್ತಿದ್ದ ಆ ಸಣ್ಣ ಕೀರಲು ಸದ್ದು ಈಗ ಎಲ್ಲೂ ಕೇಳುವುದಿಲ್ಲ. ನೀವೂ ಆ ಕಾಲದವರಾದರೆ, ಅದರೊಂದಿಗೆ ಏಳುತ್ತಿದ್ದ ಬಿಸಿ ಪ್ಲಾಸ್ಟಿಕ್ಕಿನ ವಾಸನೆಯೂ ನೆನಪಿರಬಹುದು. ನನಗೆ ಆ ಸದ್ದೆಂದರೆ ವಿಜಯವಾಡದ ಭವಾನಿಪುರಂನಲ್ಲಿದ್ದ ನಮ್ಮ ಬಾಡಿಗೆ ಮನೆ. ಅಪ್ಪ ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ಪಾಠ. ಚಪ್ಪಲಿಗಳು ಕೂಡ ಹಿಮ್ಮಡಿ ಗೋಡೆಗೆ ತಾಗುವಂತೆ ಸಾಲಾಗಿ ಇರಬೇಕು. ಹನ್ನೆರಡು ವರ್ಷದ ನನಗೆ ಆ ಶಿಸ್ತು ಭಾರವೆನಿಸಿರಲಿಲ್ಲ, ಇಷ್ಟವೇ ಆಗಿತ್ತು. ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಅಕ್ಕನಿಗೆ ಮಾತ್ರ ಅದರೊಳಗೆ ಒಂದು ಮಾತು ಹೇಳಲು ಜಾಗ ಸಿಕ್ಕಿರಲಿಲ್ಲ. ಎದುರು ಮನೆಯ ಪ್ರಸಾದ್, ಅವಳ ಸಹಪಾಠಿ, ತೆಲುಗಿನವನು, ಅವಳ ಮನಸ್ಸಿನಲ್ಲಿದ್ದ. ಅಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅಪ್ಪನಿಗೆ ಹೇಳುವವರಿರಲಿಲ್ಲ.

ಎರಡು ತಿಂಗಳಿಗೊಮ್ಮೆ, ಭಾನುವಾರ ಮಧ್ಯಾಹ್ನ, ಬಾಡಿಗೆಯ ವಿಸಿಆರ್ ಮನೆಗೆ ಬರುತ್ತಿತ್ತು. ಅದಕ್ಕೂ ಒಂದು ಕ್ರಮವಿತ್ತು. ಗುಂಡಿ ಒತ್ತುವ ಕೆಲಸ ನನ್ನದು. ಸಿನಿಮಾದಲ್ಲಿ ಹುಡುಗ ಹುಡುಗಿ ಹತ್ತಿರ ಬಂದರೆ ಅಪ್ಪ ಕೆಮ್ಮುತ್ತಿದ್ದರು. ನಾನು ಟೇಪನ್ನು ಮುಂದಕ್ಕೆ ಓಡಿಸಬೇಕು. ಎಷ್ಟು ಹೊತ್ತು ಎಂದು ಕೇಳಿದ್ದಕ್ಕೆ, "ಅರವತ್ತು ಎಣಸು" ಎಂದಿದ್ದರು. ಆ ಸಲ ಅಕ್ಕ ತಾನೇ ಗವರ್ನರ್‌ಪೇಟೆಯ ಕ್ಯಾಸೆಟ್ ಅಂಗಡಿಗೆ ಹೋಗಿ, ಹೆಸರು ಬರೆಸಿ, ಮೂರು ವಾರ ಕಾದು, ಊರೆಲ್ಲ ಮೆಚ್ಚಿದ್ದ ಒಂದು ಪ್ರೇಮದ ಸಿನಿಮಾ ತಂದಳು. ಗೆಳತಿಯರ ಜೊತೆ ಅವಳು ಅದನ್ನು ಆಗಲೇ ನೋಡಿದ್ದಳು.

"ನೋಡಿದ್ದನ್ನ ಮತ್ತ ಏನ್ ನೋಡ್ತಿ?" ಎಂದರು ಅಮ್ಮ.

"ಅಪ್ಪ ನೋಡಿಲ್ಲಲ್ಲ," ಎಂದಳು ಅಕ್ಕ.

ದೋಣಿಯಲ್ಲಿ ಹುಡುಗ ಹುಡುಗಿಯ ಕೈ ಹಿಡಿದ. ಅಪ್ಪ ಕೆಮ್ಮಿದರು. ನಾನು ಗುಂಡಿ ಒತ್ತಿ ಎಣಿಸತೊಡಗಿದೆ. ಬೆರಳು ತೆಗೆದಾಗ ಹುಡುಗಿ ರೈಲು ಹತ್ತಿ ಬೇರೆ ಊರಿಗೆ ಹೊರಟಿದ್ದಳು. "ಹಿಂದಕ್ಕ ತಿರುವೋ," ಎಂದಳು ಅಕ್ಕ. "ಕತಿ ತಿಳೀತಲ್ಲ, ಮುಂದ ನಡೀಲಿ," ಎಂದರು ಅಪ್ಪ. ಅಕ್ಕ ಚಹಾ ಮಾಡಲು ಎದ್ದು ಹೋದಳು, ಸಿನಿಮಾ ಮುಗಿಯುವವರೆಗೂ ಹೊರಗೆ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವಳನ್ನು ಹುಬ್ಬಳ್ಳಿಗೆ ಮದುವೆ ಮಾಡಿ ಕೊಟ್ಟರು.

ತೊಂಬತ್ತರ ದಶಕದ ಕೊನೆಗೆ ನಾನು ವಿಶಾಖಪಟ್ಟಣದಲ್ಲಿದ್ದೆ, ಪೆಂದುರ್ತಿಯ ಕಡೆ ಮನೆ ಮಾಡಿಕೊಂಡು. ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ಅಕ್ಕ ನಾಲ್ಕು ದಿನ ಇರಲು ಬಂದಾಗ ಅದೇ ಸಿನಿಮಾದ ಕ್ಯಾಸೆಟ್ ಹುಡುಕಿ ತಂದೆ, ಅವಳಿಗೆ ಖುಷಿಯಾಗಲಿ ಎಂದು. ದೋಣಿ ಬಂತು. ಕೆಮ್ಮುವವರಿಲ್ಲದಿದ್ದರೂ ನನ್ನ ಕೈ ರಿಮೋಟಿನ ಮೇಲೆ ಹೋಗಿತ್ತು.

"ಬಿಡೋ ತಮ್ಮಾ, ಇವತ್ತರ ಬಿಡು," ಎಂದಳು.

ಬಿಟ್ಟೆ. ಕೈ ಹಿಡಿದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಆಮೇಲೆ ಹುಡುಗಿ ಮನೆಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, ತನ್ನ ಅಪ್ಪನಿಗೆ ಆ ಹುಡುಗನ ಹೆಸರು ಹೇಳಿದಳು. ಆತ ಪೇಪರ್ ಮಡಚಿಟ್ಟು, ಕೂತುಕೋ, ಹೇಳು ಎಂದ. ಅಷ್ಟೇ. ಹಾಡಿಲ್ಲ, ಕೂಗಾಟವಿಲ್ಲ.

"ಇದನ್ನ ಅಪ್ಪಗ ತೋರಸಬೇಕಂತ ತಂದಿದ್ದೆ," ಅಕ್ಕ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದಳು. "ಆಮ್ಯಾಲೆ ನಾನೂ ಹೇಳೋಳಿದ್ದೆ." ಅವಳೇ ಮುಂದುವರಿಸಿದಳು, "ಅವತ್ತ ನೀ ಟೇಪ್ ಓಡಸೂಮುಂದ ಅಪ್ಪ ನಡುವನ 'ಸಾಕು' ಅಂದಿದ್ರು. ಆ ಸದ್ದಿನ್ಯಾಗ ನಿನಗ ಕೇಳಿಸಲಿಲ್ಲ ಅಂತ ಕಾಣ್ತದ."

ಹೌದು ಎಂದುಬಿಡಬಹುದಿತ್ತು.

"ಕೇಳಿಸಿತ್ತು," ಎಂದೆ. "ಆಗಿನ್ನೂ ಮೂವತ್ತಕ್ಕ ಬಂದಿದ್ದೆ."

ಅಕ್ಕ ನನ್ನನ್ನೇ ನೋಡಿದಳು. "ನೀ ಅಪ್ಪಗಿಂತ ಅಪ್ಪ," ಎಂದು ನಕ್ಕಳು. ನಗುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡಳು.

ಈಗ ಅವಳೂ ಇಲ್ಲ. ನಾನು ಇಂದಿಗೂ ಐದಕ್ಕೆ ಏಳುತ್ತೇನೆ. ಚಪ್ಪಲಿಗಳು ಗೋಡೆಗೆ ತಾಗಿಯೇ ಇವೆ. ಸ್ನಾನ ಮುಗಿಸಿ ಸುಮ್ಮನೆ ಕೂತಾಗ ಕೆಲವು ದಿನ ಎಣಿಕೆ ತಾನಾಗಿ ಶುರುವಾಗುತ್ತದೆ. ಮೂವತ್ತಕ್ಕೆ ನಿಲ್ಲಿಸಲು ನೋಡುತ್ತೇನೆ.